ಚರ್ಚಿನ ಬಾಗಿಲಿನ ಕಾಗದ

ಕನೆಕ್ಟಿಕಟ್ ನದಿ ದಂಡೆಯ ನಮ್ಮ ಊರಿಗೆ ಜೇಬೆಜ್ ಪೊಮ್‌ರಾಯ್ ಇಪ್ಪತ್ತು ವರ್ಷ ಡಾಕ್ಟರಾಗಿದ್ದರು. ಸಿಡುಬಿನ ರೋಗಿಯ ಕೀವನ್ನು ಗಟ್ಟಿಯಿರುವವರ ತೋಳಿಗೆ ಚುಚ್ಚಿ, ರೋಗ ಹಗುರಾಗಿ ಬಂದುಹೋಗುವಂತೆ ಮಾಡುತ್ತಿದ್ದರು. ಒಮ್ಮೆ ಚುಚ್ಚಿಸಿಕೊಂಡವನೊಬ್ಬ ಮನೆಯಲ್ಲಿ ಕೂರದೆ ಹೆಂಡದಂಗಡಿ ಸುತ್ತಿದ. ಅವನಿಂದ ಸಿಡುಬು ಹರಡಿ ಹನ್ನೊಂದು ಹೆಣ ಬಿದ್ದವು. ಊರವರು ಡಾಕ್ಟರ ಮನೆಗೆ ಕಲ್ಲೆಸೆದರು.

ಆ ವರ್ಷವೇ ಡಾಕ್ಟರು ಚುನಾವಣೆಗೆ ನಿಂತರು. "ಊರು ಕೈ ಎತ್ತದೆ ಯಾರಿಗೂ ಚುಚ್ಚಲ್ಲ" ಎಂದು ಗೆದ್ದು, ಶಾಸನಸಭೆಯಲ್ಲಿ ಅದನ್ನೇ ಕಾನೂನು ಮಾಡಿಸಿದರು. ಊರು ಕೈ ಎತ್ತಲು ಸೇರುವ ಸಭೆಗೆ ಮುಂಚೆ, ಅದನ್ನು ಸಾರುವ ಕಾಗದ ಚರ್ಚಿನ ಬಾಗಿಲಲ್ಲಿ ಹದಿನೈದು ದಿನ ತೂಗಬೇಕು. ಮೊಳೆ ಹೊಡೆಯುವವನು ನಾನು, ಊರ ಗುಮಾಸ್ತ ಸೈಲಸ್.

ಮೊದಲ ಪೆಟ್ಟು ತಿಂದವಳು ವಿಧವೆ ಮೆಹಿಟಬಲ್. ಪಕ್ಕದ ಮನೆಗೆ ಸಿಡುಬು ಬಂದಾಗ ಮಗನಿಗೆ ಚುಚ್ಚಿ ಎಂದು ಗೋಗರೆದಳು. "ಕಾನೂನು ಅಂದ್ರೆ ಕಾನೂನು ಕಣಮ್ಮಾ" ಎಂದರು ಡಾಕ್ಟರು. ಕಾಗದ ತೂಗುತ್ತಿರುವಾಗಲೇ ಹುಡುಗ ಸಿಡುಬಿನಿಂದ ಸತ್ತ.

ಆಮೇಲೆ ರಿಬ್ಬನ್ ಮಾರುವವನೊಬ್ಬ ಡಾಕ್ಟರ ಮನೆಯಲ್ಲಿ ಉಂಡ. ಎರಡೇ ದಿನಕ್ಕೆ ಅವನಿಗೆ ಸಿಡುಬೆದ್ದಿತು. ಬಡಿಸಿದವಳು ಡಾಕ್ಟರ ಒಬ್ಬಳೇ ಮಗಳು ಥ್ಯಾಂಕ್‌ಫುಲ್. ಅವನನ್ನು ಊರಾಚೆಯ ಗುಡಿಸಲಲ್ಲಿಟ್ಟು ಬೀಗ ಹಾಕಿದೆವು. ಕೀವು ಇದ್ದದ್ದು ಅವನ ಮೈಮೇಲೆ ಮಾತ್ರ, ಬೀಗದ ಕೈ ನನ್ನ ಸೊಂಟದಲ್ಲಿ.

"ಕೀಲಿ ಕೊಡೋ ಸೈಲಸ್. ಇವತ್ತೇ ಚುಚ್ಚಿದ್ರೆ ನನ್ನ ಮಗಳು ಉಳೀತಾಳೆ."

"ಕಾಗದ ತೂಗಬೇಕಲ್ಲ, ಡಾಕ್ಟ್ರೇ. ನೀವೇ ಬರೆದದ್ದು."

"ಕಾಗದಕ್ಕೆ ಹಿಂದಿನ ತಾರೀಕು ಹಾಕೋ! ನಿನ್ನ ಕಾಲಿಗೆ ಬೀಳ್ತೀನಿ." ನಿಜವಾಗಿಯೂ ಬಿದ್ದರು.

"ಮೆಹಿಟಬಲ್‌ಗೆ ಏನಂತ ಹೇಳ್ಲಿ?"

ಅವರು ಎದ್ದು ಹೋದರು. ಅಂದು ನಾನು ದೊಡ್ಡ ನ್ಯಾಯವಂತ ಎಂದುಕೊಂಡಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಾಗದ ತೂಗಿತು. ರಿಬ್ಬನ್ನಿನವನು ಸತ್ತು ಮಣ್ಣಾದ. ಹತ್ತನೇ ದಿನ ಥ್ಯಾಂಕ್‌ಫುಲ್‌ಗೆ ಜ್ವರ ಏರಿತು, ಆಮೇಲೆ ಮೈಯೆಲ್ಲ ಸಿಡುಬೆದ್ದಿತು. ಹದಿನೈದನೇ ದಿನ ಸಭೆ ಸೇರಿದಾಗ, ಹಿಂದೆ ಕಲ್ಲೆಸೆದವರೂ ತಮ್ಮ ಮಕ್ಕಳು ಉಳಿಯಲೆಂದು ಎರಡೆರಡು ಕೈ ಎತ್ತಿದರು.

"ಕೀವು ಎಲ್ಲಿಂದ ತರ್ತೀರಿ, ಡಾಕ್ಟ್ರೇ? ಅವನನ್ನ ಹೂತಾಯ್ತಲ್ಲ" ಎಂದ ಕಮ್ಮಾರ.

"ನಮ್ಮನೇಲಿದೆ" ಎಂದರು ಡಾಕ್ಟರು.

ಮೊದಲು ಬಂದವಳು ಮೆಹಿಟಬಲ್. ಉಳಿದಿದ್ದ ಒಬ್ಬಳೇ ಮಗಳ ತೋಳನ್ನು ತಾನೇ ಹಿಡಿದುಕೊಂಡಳು. ಡಾಕ್ಟರು ತಮ್ಮ ಮಗಳ ಕೀವನ್ನು ಆ ತೋಳಿಗೆ ಚುಚ್ಚಿದರು. ಚುಚ್ಚಿಸಿಕೊಂಡ ನಲವತ್ತು ಮಕ್ಕಳೂ ಉಳಿದವು. ಥ್ಯಾಂಕ್‌ಫುಲ್ ಸಭೆಯಾದ ನಾಲ್ಕನೇ ದಿನ ತೀರಿಕೊಂಡಳು.

ಬಾಗಿಲಿನ ಕಾಗದ ತೆಗೆಯಲು ನನಗೆ ಕೈ ಬರಲಿಲ್ಲ. ಮಗಳನ್ನು ಮಣ್ಣು ಮಾಡಿ ಬಂದ ಡಾಕ್ಟರೇ ಅದನ್ನು ಕಿತ್ತರು.