ಬೀಗ ಹಾಕಿದ ಮನೆಯ ಮೇಲಿನ ಜಿಗಿತ

ಒಬ್ಬರ ಮನೆಯ ನೆತ್ತಿಯ ಮೇಲೆ ಧೊಪ್ಪನೆ ಬೀಳುವುದಾದರೆ, ಒಳಗೆ ಜನ ಇಲ್ಲದ ಹೊತ್ತು ನೋಡಿ ಬೀಳಬೇಕು ಎನ್ನುವಷ್ಟು ಮರ್ಯಾದೆ ನನಗಿತ್ತು. ಪೀಣ್ಯದ ಒಂದು ಬಾಡಿಗೆ ಕಟ್ಟಡದ ತಾರಸಿಯ ಒಂಟಿ ಕೋಣೆ ನನ್ನದು. ಕೆಳಗಿನ ಮನೆಯ ಅಕ್ಕ ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುತ್ತಿದ್ದರು. ಬೀಗ ಕಟಕ್ ಅಂದಿತೋ, ನನ್ನ ತರಬೇತಿ ಶುರು. ಹೇಗೂ ನನಗೆ ಮಧ್ಯಾಹ್ನದ ಪಾಳಿ, ಬೆಳಿಗ್ಗೆಯೆಲ್ಲ ಬಿಡುವು.

ಜಿಗಿಯುವುದೇ ಆ ತರಬೇತಿ. ನಮ್ಮ ಕಾರ್ಖಾನೆಯ ವಾಲಿಬಾಲ್ ತಂಡದಲ್ಲಿ ಸ್ಮ್ಯಾಷ್ ಹೊಡೆಯುವವನ ಜಾಗಕ್ಕೆ ನಾನು ಕಣ್ಣು ಹಾಕಿದ್ದೆ. ಎತ್ತರವೆಂಬುದು ನನಗೆ ಅಪ್ಪನ ಕಡೆಯಿಂದಲೂ ಬಂದಿಲ್ಲ, ಅಮ್ಮನ ಕಡೆಯಿಂದಲೂ ಬಂದಿಲ್ಲ. ಬಂದಿರುವುದು ಬಾಯಿ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಸಂಜೆಯೊಳಗೆ ಅದು ನನ್ನ ಗಂಟಲಲ್ಲಿರುತ್ತಿತ್ತು. ತಂಡದ ಕ್ಯಾಪ್ಟನ್ ಎಲ್ಲರೆದುರು ಹೇಳಿದ್ದ: "ಮಗಾ, ನಿನ್ ಬಾಯಿ ಹಾರೋದ್ರಲ್ಲಿ ಅರ್ಧದಷ್ಟು ನಿನ್ ಕಾಲು ಹಾರಿದ್ರೂ ನಾವು ಫೈನಲ್ ಆಡ್ತಿದ್ವಿ ಕಣೋ."

ಅವನ ದನಿಯಲ್ಲೇ ಅದನ್ನು ಹೇಳಿಕೊಳ್ಳುತ್ತ ಬಸ್ಕಿ ಹೊಡೆದೆ. ತುದಿಗಾಲಲ್ಲಿ ಎದ್ದಿಳಿದೆ, ಹಗ್ಗದಾಟ ಆಡಿದೆ. ಆಮೇಲೆ ಫೋನಿನಲ್ಲಿ ನೋಡಿ ಕಲಿತ ದೊಡ್ಡ ವಿದ್ಯೆ: ನೀರಿನ ಟ್ಯಾಂಕಿನ ಕಟ್ಟೆಯಿಂದ ಕೆಳಕ್ಕೆ ಧುಮುಕಿ, ಪಾದ ನೆಲಕ್ಕೆ ತಾಗಿದ ಕೂಡಲೇ, ಬಿಸಿ ಕಾವಲಿ ತುಳಿದವನಂತೆ, ಮತ್ತೆ ಮೇಲಕ್ಕೆ ಹಾರುವುದು. ಹಾರಿದಾಗ ಬೆರಳಿಗೆ ಮೆತ್ತಿದ ಸೀಮೆಸುಣ್ಣ ಕೋಣೆಯ ಗೋಡೆಯ ಮೇಲೆ ಗೆರೆ ಬಿಡುತ್ತಿತ್ತು. ವಾರ ಕಳೆದಂತೆ ಗೆರೆಗಳು ಮೇಲೇರಿದವು. ನಾನೂ ಸ್ವಲ್ಪ ಏರಿದೆ, ತಲೆಯೊಳಗೆ.

ಸುಸ್ತಾದಾಗ ಉಸಿರು ತೆಗೆದುಕೊಳ್ಳಲು ನಮ್ಮ ಓನರಪ್ಪನನ್ನು ಕರೆಯುತ್ತಿದ್ದೆ. ಅಂದರೆ ಅವರ ದನಿಯನ್ನು. ಇದೇ ಊರಿನ ಹಳೆಯ ಗೌಡರ ಮನೆಯವರು. ರಾಗಿ ಬೆಳೆದ ಹೊಲದಲ್ಲಿ ಈಗ ಬಾಡಿಗೆ ಮನೆ ಬೆಳೆದಿದ್ದಾರೆ. ಇರುವುದು ಪಕ್ಕದ ಬೀದಿಯಲ್ಲಿ. ಸೊಂಟಕ್ಕೆ ಕೈಕೊಟ್ಟು ತಾರಸಿ ಹಾರಿಹೋಗುವಂತೆ ಕೂಗುತ್ತಿದ್ದೆ: "ಯಾವನ್ಲಾ ಅವ್ನು, ಟ್ಯಾಂಕ್ ನೀರೆಲ್ಲ ಖಾಲಿ ಮಾಡ್ದೋನು? ಈ ತಿಂಗ್ಳು ಮುಗೀಲಿ, ಗಂಟುಮೂಟೆ ಸಮೇತ ಆಚೆಗ್ ಆಕ್ತೀನಿ!" ನಕ್ಕು, ಮತ್ತೆ ಕಟ್ಟೆ ಹತ್ತಿ, ಧೊಪ್.

ಒಂದು ಬೆಳಿಗ್ಗೆ ಹೀಗೆ ಗದರಿ, ಧುಮುಕಿ, ಕೂತು ಏದುಸಿರು ಬಿಡುತ್ತಿದ್ದಾಗ ಕಾಲಡಿಯಿಂದ ಮಾತು ಬಂತು.

"ಸಾವ್ಕಾರ್ರ, ಇನ್ನ ಎಷ್ಟ್ ಉಳದಾವ್ರಿ?"

ಬಗ್ಗಿ ನೋಡಿದೆ. ಕೆಳಗಿನ ಬಾಗಿಲಿಗೆ ಬೀಗ ಹಾಗೇ ನೇತಾಡುತ್ತಿದೆ. ಮೆಟ್ಟಿಲಿಳಿದು ಹೋದರೆ ಕಿಟಕಿಯ ಸರಳಿನ ಹಿಂದೆ ಬನಿಯನ್ ತೊಟ್ಟ, ನಾನು ಎಂದೂ ಕಾಣದ ಒಬ್ಬ ಗಂಡಸು. ಕಣ್ಣು ಕೆಂಡದ ಹಾಗಿತ್ತು.

"ಅಣ್ಣ, ನೀವ್ ಯಾರು? ಹೊರಗಡೆ ಬೀಗ ಇದೆಯಲ್ಲ!"

"ಮನ್ಯಾಕಿ ಹಾಕ್ಕೊಂಡ್ ಹೋಗ್ತಾಳ್ರಿ. ಇಲ್ಲಾಂದ್ರ ಕೊರಿಯರ್ನಾಂವ, ಕ್ಯಾನ್ ನೀರಿನಾಂವ, ಎಲ್ಲಾರೂ ಬಾಗಿಲಾ ಬಡಿತಾರ. ನೈಟ್ ಪಾಳಿ ಮುಗಿಸಿ ಬಂದಾಂವ ಮಕ್ಕೋಬೇಕಲ್ರಿ." ಆಮೇಲೆ ದನಿ ತಗ್ಗಿಸಿ, "ಸಾವ್ಕಾರ್ರು ಇನ್ನಾ ಮ್ಯಾಲೆ ಅದಾರೇನ್ರಿ?" ಎಂದ.

"ಯಾರು?"

"ಓನರ್ರೀ. ದಿನಾ ಬಂದು ಜಿಗಿತಾರಲ್ರಿ. ಈ ವಯಸ್ಸಿನ್ಯಾಗ, ಆ ಹೊಟ್ಟಿ ಇಟ್ಕೊಂಡು, ಭಾಳ ಗಟ್ಟಿ ಅದಾರ ಬಿಡ್ರಿ. ಸಿಟ್ಟೂ ಜಾಸ್ತಿ. ಏನರ ಅಂದ್ರ ಮನಿ ಬಿಡ್ಸಿಗಿಡಿಸ್ಯಾರು ಅಂತ ಸುಮ್ನಿದ್ನಿ. ಅವ್ರು ಮುಗಿಸಿದಿಂದ ಮಕ್ಕೊಂತೀನಿ. ಇವತ್ತ್ ಯಾಕೋ ತಡಕೊಳ್ಳಾಕ ಆಗ್ಲಿಲ್ರಿ."

ಬೇರೆ ದಿನವಾಗಿದ್ದರೆ ಈ ಯಾದಗಿರಿ ಕಡೆಯ ಮಾತನ್ನು ಗಂಟಲಿಗೆ ಇಳಿಸಿಕೊಂಡು ಪಾಳಿಗೆ ಮುಂಚೆ ವಾಲಿಬಾಲ್ ಕೋರ್ಟಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದೆ. ಆಗ ಬಾಯಿಗೆ ಬಂದದ್ದು ಒಂದೇ: "ಹೋದ್ರಣ್ಣ. ಅವ್ರು ಹೋದ್ರು. ಮಲಕ್ಕೊಳ್ಳಿ."

ಅದು ನಾನೇ ಎನ್ನಲು ಧೈರ್ಯ ಸಾಲಲಿಲ್ಲ. ಮೇಲೆ ಬಂದು ಗೋಡೆ ನೋಡಿದೆ. ಒಂದರ ಮೇಲೊಂದು ಬೆಳ್ಳಗೆ ಹೊಳೆಯುತ್ತಿದ್ದ ಆ ಗೆರೆಗಳಲ್ಲಿ ಯಾವುದೂ ನನ್ನ ಕಾಲಿನದಷ್ಟೇ ಅನ್ನಿಸಲಿಲ್ಲ; ಕೆಳಗಿನವನ ನಿದ್ದೆಯೂ ಅದರಲ್ಲಿ ಸೇರಿತ್ತು. ಒದ್ದೆ ಬಟ್ಟೆ ತಂದು ಒರೆಸಿದೆ. ಸುಣ್ಣ ಹೋಗಿ ಕಲೆ ಉಳಿಯಿತು.

ಭಾನುವಾರ ನಲ್ಲಿಯ ಹತ್ತಿರ ಅಕ್ಕ ಸಿಕ್ಕರು. ಗಂಡನ ಕೆಲಸ ಏನೆಂದು ಕೇಳಿದೆ. ಪವರ್ ಪ್ರೆಸ್ ಎಂದರು. ತಗಡು ಒತ್ತಿ ಕತ್ತರಿಸುವ ಆ ಯಂತ್ರ ನನಗೆ ಗೊತ್ತು. ಪೀಣ್ಯದಲ್ಲಿ ಅರ್ಧ ಬೆರಳಿನವರು ಕೈಯಲ್ಲಿ ಚಹಾ ಲೋಟ ಹಿಡಿಯುವುದನ್ನು ದಿನಾ ನೋಡುತ್ತೇನೆ. "ಮೊನ್ನಿ ರಾತ್ರಿ ಕುಂತಲ್ಲೇ ತೂಕಡ್ಸಿದ್ನಂತ. ಬಾಜೂದಾಂವ ಜಗ್ಗಿದ್ನಂತ, ಕೈ ಉಳೀತು," ಎಂದು ಕೊಡ ತುಂಬುತ್ತಲೇ ಹೇಳಿದರು.

ಇನ್ನು ಮುಚ್ಚಿಡಲಾಗಲಿಲ್ಲ. "ಅಕ್ಕ, ಮೇಲೆ ಹಾರ್ತಿದ್ದಿದ್ದು ಓನರ್ ಅಲ್ಲ, ನಾನು," ಎಂದೆ. ಅವರು ನಂಬಲಿಲ್ಲ. ಸಣ್ಣಗೆ ಓನರಪ್ಪನ ದನಿ ತೆಗೆದು ತೋರಿಸಿದೆ. ಕೊಡ ತುಂಬಿ ಹೊರಚೆಲ್ಲುತ್ತಿದ್ದರೂ ಅವರು ನಲ್ಲಿ ನಿಲ್ಲಿಸಲಿಲ್ಲ.

"ಭಾಳ ಛಂದ ಮಾಡ್ತಿಯಲ್ಲೋ ತಮ್ಮಾ," ಎಂದರು ಕೊನೆಗೆ. "ನಮ್ಮಾಂವ ನಿದ್ದಿ ಮಾಡಿದಂಗ ಒಂಚೂರು ಮಾಡಿ ತೋರ್ಸು, ನೋಡೂಣು."

ಎಷ್ಟೊಂದು ಜನರನ್ನು ಅಣಕಿಸಿದ್ದೇನೆ, ನನ್ನ ಅಪ್ಪನ ಗೊರಕೆಯನ್ನೂ ಬಿಟ್ಟಿಲ್ಲ. ಅದೊಂದು ಮಾತ್ರ ಬರಲಿಲ್ಲ.

ಮರುದಿನದಿಂದ ಎರಡು ಬೀದಿ ಆಚೆ ಖಾಲಿ ಸೈಟಿನಲ್ಲಿ ಸುರಿದಿದ್ದ ಮರಳಿಗೆ ನನ್ನ ಜಿಗಿತ ಸಾಗಿಸಿದೆ. ಮರಳಿಗೆ ಬಿದ್ದರೆ ಸದ್ದಿಲ್ಲ. ಪಾದ ಹೂತು ಮತ್ತೆ ಏಳಲೂ ಬಿಡುವುದಿಲ್ಲ. "ಏನ್ ಗುರು, ಕೋಳಿ ಕೆದಕ್ದಂಗೆ ಕೆದಕ್ತಿದ್ಯಾ?" ಎಂದು ಕ್ಯಾಪ್ಟನ್ ಆಡಿಕೊಂಡ. ಕೆದಕಿಕೊಂಡೇ ಇದ್ದೆ.

ತಪ್ಪು ತೀರಿತು ಎಂದುಕೊಂಡಿರುವಾಗ ಅಕ್ಕ ಮತ್ತೆ ಸಿಕ್ಕರು. "ಈಗಲಾದ್ರೂ ಅಣ್ಣ ಮಲಗ್ತಾರಾ?" ಎಂದೆ.

"ಎಲ್ಲೈತಪಾ! ನೀನಂತ ಹೇಳೀನಿ, ಬಿಟ್ಟೀಯಂತ್ಲೂ ಹೇಳೀನಿ. ಆದ್ರೂ ಸಪ್ಪಳ ಇನ್ನ ಶುರು ಆಗಿಲ್ಲ, ಈಗ ಬೀಳ್ತಾನ, ಆಗ ಬೀಳ್ತಾನ ಅಂತ ಮ್ಯಾಲಿನ ಮಾಳಿಗಿ ನೋಡ್ಕೋತ ಬಿದ್ದಿರ್ತಾನ."

ನಾನಿಲ್ಲದಿದ್ದರೂ ಅವನ ಮೇಲೆ ಬೀಳುತ್ತಲೇ ಇದ್ದೆ.

ಈಗ ಬೆಳಿಗ್ಗೆ ಮರಳಿಗೆ ಹೊರಡುವ ಮೊದಲು ಬೀಗ ಹಾಕಿದ ಆ ಬಾಗಿಲ ಪಕ್ಕದ ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಕಾಲಿನ್ನೂ ಬೆಚ್ಚಗಾಗಿರುವುದಿಲ್ಲ, ಒಂದು ಜಿಗಿತವೂ ಆಗಿರುವುದಿಲ್ಲ. ಯಾರ ದನಿಯನ್ನೂ ಸಾಲ ತರದೆ ಹೇಳುತ್ತೇನೆ: "ಇವತ್ತಿಂದು ಮುಗೀತಣ್ಣ."

ಒಳಗಿನಿಂದ "ಹೂಂನ್ರಿ" ಎಂದು ಬರುತ್ತದೆ. ಮಂಚ ಕಿರುಗುಟ್ಟುತ್ತದೆ. ಗೊರಕೆ ಶುರುವಾಗುವವರೆಗೆ ಅಲ್ಲೇ ನಿಂತಿರುತ್ತೇನೆ. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಗೇಟಿನವರೆಗೆ ತುದಿಗಾಲಲ್ಲಿ ನಡೆಯುತ್ತೇನೆ.