ಬೇಸಿಗೆಯಲ್ಲಿ ಅಂಟಿನ ಉಂಡಿ

ಮೂವತ್ತೊಂದು ವರ್ಷ ನಾನು ಮೇ ತಿಂಗಳಲ್ಲಿ ಅಂಟಿನ ಉಂಡಿ ಕಟ್ಟಿದ್ದೇನೆ. ಒಂದು ವರ್ಷವೂ ಮನಸ್ಸಿಟ್ಟು ತಿಂದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಹಗುರ.

ಈ ಉಂಡಿ ಗೊತ್ತಿಲ್ಲದವರಿಗೆ ಎರಡು ಮಾತು. ಗಿಡದ ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ ಕೂಡಿಸಿ, ಬೆಲ್ಲದ ಪಾಕದಲ್ಲಿ ಕಟ್ಟುವುದು. ಸೊಂಟ ಗಟ್ಟಿಯಾಗಲೆಂದು ಬಾಣಂತಿಗೆ ಕೊಡುತ್ತಾರೆ. ಮೈಗೆ ಭಾರೀ ಉಷ್ಣ. ನಮ್ಮ ಚಿತ್ತಾಪುರದಲ್ಲಿ ಮೇ ತಿಂಗಳ ಮಧ್ಯಾಹ್ನ ಅಂಗಳದ ಪರಸಿ ಕಲ್ಲಿನ ಮೇಲೆ ಹಪ್ಪಳ ಹಾಕಲು ಹೋದರೆ ಹಪ್ಪಳಕ್ಕಿಂತ ಮೊದಲು ಅಂಗಾಲು ಒಣಗುತ್ತದೆ. ಅಂಥ ಬಿಸಿಲಲ್ಲಿ ಬಸ್ಸು ಹತ್ತಿ, ಬಳಗವೆಲ್ಲ ವರ್ಷಕ್ಕೊಮ್ಮೆ ಸೇರುವ ಚಿಂಚೋಳಿಗೆ ಹೋಗಿ, ಬಾಣಂತಿ ಒಬ್ಬಳೂ ಇಲ್ಲದ ನಲವತ್ತು ಮಂದಿ ಕೂತು ಅಂಟಿನ ಉಂಡಿ ತಿನ್ನುವುದು ನಮ್ಮ ಮನೆತನದ ಪದ್ಧತಿ.

ಪದ್ಧತಿ ಹುಟ್ಟಿದ್ದು ಹೀಗೆ. ನನ್ನ ಗಂಡನ ಅಕ್ಕ ಗುರಮ್ಮಕ್ಕ, ಚಿಂಚೋಳಿಗೆ ಮದುವೆಯಾಗಿ ಹೋದವಳು. ಆಕೆಯ ಚೊಚ್ಚಲ ಬಾಣಂತನ ಬಿರುಬೇಸಿಗೆಯಲ್ಲಿ ಬಂತು. ನಮ್ಮ ಅತ್ತೆ ಉಂಡಿ ಕಟ್ಟಿಕೊಟ್ಟರು. ಮಗಳನ್ನು ಚಿಂಚೋಳಿಗೆ ಬಿಡಲು ಹೋದಾಗ ಮಿಕ್ಕ ಉಂಡಿಯೂ ಜೊತೆಗೆ ಹೋಯಿತು. ಅಲ್ಲಿ ಸೇರಿದ ಬೀಗರಲ್ಲಿ ಯಾರೋ ಒಬ್ಬರು ಚಲೋ ಆಗಿದೆ ಎಂದರು. ಮರುವರ್ಷ ಬೇಸಿಗೆಗೆ ಎಲ್ಲರೂ ಅಲ್ಲಿ ಸೇರಿದಾಗ ಅವರೇ, ಉಂಡಿ ಎಲ್ಲಿ ಎಂದು ಕೇಳಿದರು. ಮರ್ಯಾದೆಯ ಪ್ರಶ್ನೆಯಾಯಿತು. ಅಂದಿನಿಂದ ಅದು ಮನೆತನದ ಉಂಡಿ. ಅತ್ತೆ ಹೋದ ಮೇಲೆ ಉಂಡಿಯ ಡಬ್ಬಿ ನನ್ನ ಕೈಗೆ ಬಂತು.

ತಿನ್ನುವವರನ್ನು ನಾನು ಸರಿಯಾಗಿ ನೋಡಿದ್ದೇನೆ. ಎಲ್ಲರೂ ಹೊಗಳುತ್ತಾರೆ. ಅರ್ಧ ಕಡಿಯುತ್ತಾರೆ. ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ, ಬಸ್ಸಿನಲ್ಲಿ ತಿನ್ನುತ್ತೇನೆ ಎನ್ನುತ್ತಾರೆ. ಒಮ್ಮೆ ಗುರಮ್ಮಕ್ಕನ ಹಿತ್ತಲಿನ ಎಮ್ಮೆಯ ಮುಂದೆ ಏಳು ಅರ್ಧಗಳನ್ನು ಕಂಡೆ. ಎಮ್ಮೆಯೂ ಮುಖ ತಿರುಗಿಸಿತ್ತು. ಯಾವ ಕೂಸಿನ ನೆಪದಲ್ಲಿ ಈ ಉಂಡಿ ಹುಟ್ಟಿತೋ ಆ ಬಸಣ್ಣನಿಗೆ ಈಗ ಸಕ್ಕರೆ ಕಾಯಿಲೆ. ಅವನು ಉಂಡಿಗೆ ದೂರದಿಂದಲೇ ಕೈ ಮುಗಿಯುತ್ತಾನೆ.

ಹೀಗೇ ನಡೆದುಹೋಗುತ್ತಿತ್ತೇನೋ. ಈ ವರ್ಷ ಬಳಗದ ಹುಡುಗಿಯರು ಫೋನಿನ ಗುಂಪಿನಲ್ಲಿ ಒಂದು ಠರಾವು ಮಾಡಿದರು: ಪ್ರತಿ ಮನೆಯವರೂ ತಲೆಮಾರಿನಿಂದ ಬಂದ ಒಂದು ಅಡಿಗೆ ತರಬೇಕು, ಮಾಡುವ ವಿಧಾನವನ್ನೂ ಬರೆದು ತರಬೇಕು. ನನ್ನ ಸೊಸೆ ರೇಣುಕಾ ಪೆನ್ನು ಹಿಡಿದು ನನ್ನ ಮುಂದೆ ಕೂತಳು. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಒತ್ತಕ್ಷರಕ್ಕೂ ನನಗೂ ಇಂದಿಗೂ ಜಗಳ. ಆದ್ದರಿಂದ ಬರೆಯುವವಳು ಅವಳು, ಹೇಳುವವಳು ನಾನು.

"ಅಂಟು ಎಷ್ಟ್ರೀ ಅತ್ತೀರಿ?"

"ಒಂದು ಮುಷ್ಟಿ."

"ಯಾರ ಮುಷ್ಟಿ?"

ನಮ್ಮತ್ತೆಯ ಮುಷ್ಟಿ, ಹಿಡಿದರೆ ಸಿಕ್ಕವರ ತೋಳು ಕೆಂಪಾಗುವಷ್ಟು ದೊಡ್ಡದು. ನನ್ನದು ಅದರ ಅರ್ಧ. ಹಾಗಾದರೆ ಇಷ್ಟು ವರ್ಷ ನಾನು ಕಟ್ಟಿದ್ದು ಅವರ ಉಂಡಿಯೇ ಅಲ್ಲ.

ಅವಳು ಬಿಡಲಿಲ್ಲ. "ಇದನ್ನ ಬ್ಯಾಸಗ್ಯಾಗ ಯಾಕ ಮಾಡ್ತಾರಂತನೂ ಬರೀಬೇಕಂತ್ರಿ. ಏನು ಬರೀಲಿ?"

"ಏನೂ ಬರೀಬ್ಯಾಡ. ಈ ವರ್ಷ ಉಂಡಿ ಇಲ್ಲ."

"ಮತ್ತೇನು ಒಯ್ತೀರಿ?"

"ನಮ್ಮವ್ವನ ಅಂಬಲಿ."

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ನನಗೇ ಗೊತ್ತಾಯಿತು, ಇದು ಇವತ್ತಿನ ಆಸೆಯಲ್ಲ ಎಂದು. ನನ್ನ ತವರು ಸೇಡಂ ತಾಲೂಕಿನ ಮುಧೋಳ. ಮಳೆ ನಂಬಿ ಜೋಳ ಬೆಳೆಯುವವರ ಊರು. ಅವ್ವ ಜೋಳದ ಹಿಟ್ಟನ್ನು ಹಿಂದಿನ ದಿನ ಕಲಸಿ ಹುಳಿಯಲು ಬಿಡುತ್ತಿದ್ದಳು. ಮರುದಿನ ಕುದಿಯುವ ನೀರಿಗೆ ಬಿಟ್ಟು, ಗಂಟಾಗದಂತೆ ತಿರುವಿ, ಆರಿದ ಮೇಲೆ ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಉಪ್ಪು. ಇಷ್ಟೇ. ಹೊಲದಿಂದ ಬಂದವರು ಒಂದು ಚೊಂಬು ಕುಡಿದರೆ ಕಣ್ಣಿನ ಉರಿ ಇಳಿಯುತ್ತಿತ್ತು.

ಮದುವೆಯಾದ ಮೊದಲ ಬೇಸಿಗೆ ಅತ್ತೆಯನ್ನು ಕೇಳಿದೆ, ಚಿಂಚೋಳಿಗೆ ಅಂಬಲಿ ಒಯ್ಯೋಣವೇ ಎಂದು. "ಅದು ನಿಮ್ಮ ಮನೀದು. ನಮ್ಮ ಮನ್ಯಾಗ ನಡ್ಯಂಗಿಲ್ಲ" ಎಂದರು. ಮನೆ ಎಂಬ ಮಾತಿನ ಆಟ ನೋಡಿ. ಪಾತ್ರೆ ತೊಳೆಯುವಾಗ ಅದು ನಮ್ಮ ಮನೆ, ಅಂಬಲಿ ಕುಡಿಯುವಾಗ ನಿಮ್ಮ ಮನೆ. ನಾನು ಒಲೆಯ ಹಿಂದೆ ನನ್ನಷ್ಟಕ್ಕೆ ಮಾಡಿಕೊಂಡು ಕುಡಿದೆ. ಹೊಸ್ತಿಲು ದಾಟಿಸಲಿಲ್ಲ. ಅತ್ತೆ ಹೋದ ಮೇಲೂ ದಾಟಿಸಲಿಲ್ಲ. ಅದು ಅವರ ತಪ್ಪಲ್ಲ, ನನ್ನ ಪುಕ್ಕಲುತನ. ನನಗೆ ಹೆಣ್ಣುಮಕ್ಕಳಿಲ್ಲ, ಅಣ್ಣನ ಮನೆಯಲ್ಲಿ ಈಗ ಪ್ಯಾಕೆಟ್ ಮಜ್ಜಿಗೆ. ಅವ್ವನ ಅಂಬಲಿ ಬಳಗದ ಸಾಲಿನಲ್ಲಿ ಕೂರದಿದ್ದರೆ ನನ್ನೊಂದಿಗೇ ಮುಗಿಯುತ್ತದೆ. ಇದಕ್ಕೆ ನಾನು ಅಳಲಿಲ್ಲ. ಹಿಟ್ಟು ಕಲಸಿದೆ.

ಗಟ್ಟಿ ಅಂಬಲಿಯನ್ನು ಸ್ಟೀಲಿನ ಕ್ಯಾನಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಸೊಸೆಯೊಡನೆ ಬಸ್ಸು ಹತ್ತಿದೆ. ಸೇಡಂನಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರ್ ಮೂಗು ಎತ್ತಿದ.

"ಏನದರೀ ಅಮ್ಮ, ಹುಳಿ ವಾಸನಿ ಬರ್ಲಿಕತ್ತದ?"

"ಅಂಬಲಿ ಅದಪ್ಪ."

"ಒಂದು ಗ್ಲಾಸ್ ಸಿಗ್ತದನ್ರಿ?"

"ವಾಪಸ್ ಬರುವಾಗ ಸಿಕ್ರೂ ಸಿಗ್ತದ. ಅಲ್ಲಿ ಯಾರೂ ಕುಡೀಲಿಲ್ಲಂದ್ರ ಎಲ್ಲಾ ನಿನಗೇ."

ಹಾಗೆ ಅಂದೆನೇ ಹೊರತು ಚಿಂಚೋಳಿ ಬರುವವರೆಗೂ ಕ್ಯಾನನ್ನು ತೊಡೆಯಿಂದ ಇಳಿಸಲಿಲ್ಲ.

ಗುರಮ್ಮಕ್ಕ ಪಡಸಾಲೆಯಲ್ಲೇ ಕೂತಿದ್ದಳು. ಎಂಬತ್ತರ ಹತ್ತಿರ ವಯಸ್ಸು; ಕಣ್ಣು ಮಂದ, ನಾಲಿಗೆ ಚುರುಕು.

"ಕಾಶಮ್ಮ, ಉಂಡಿ ಡಬ್ಬಿ ಎಲ್ಲದ?"

"ತಂದಿಲ್ಲಕ್ಕ."

"ಯಾಕ, ಆರಾಮ ಇದ್ದಿದ್ದಿಲ್ಲೇನು?"

"ಆರಾಮೇ ಇದ್ದೆ. ಅದಕ್ಕೇ ಮಾಡಿಲ್ಲ."

ನಾನು ಯಾರ ಮುಖವನ್ನೂ ನೋಡದೆ ಒಳಗಿನಿಂದ ಮಜ್ಜಿಗೆ ತರಿಸಿ, ಅಂಬಲಿಗೆ ಬೆರೆಸಿ, ಮೊದಲ ಗ್ಲಾಸನ್ನು ಆಕೆಯ ಕೈಗೇ ಇಟ್ಟೆ. "ನಮ್ಮವ್ವನದು. ಮುಧೋಳದ್ದು" ಎಂದೆ.

ಗುರಮ್ಮಕ್ಕ ಕುಡಿದಳು. "ಉಪ್ಪು ಕಡಿಮಿ ಆಗ್ಯದ" ಎಂದಳು. ಉಪ್ಪು ಹಾಕಿಸಿಕೊಂಡಳು. ಗ್ಲಾಸು ಖಾಲಿ ಮಾಡಿ ಮತ್ತೆ ಮುಂದೆ ಚಾಚಿದಳು. ಬಸಣ್ಣ ಹಿಂದಿನಿಂದ, "ಅತ್ತಿ, ನನಗೂ ಕೊಡ್ರಿ. ಬಳಗದಾಗ ನಾ ಕುಡಿಯೋ ಹಂತಾದು ಈಗ ಬಂತು ನೋಡ್ರಿ" ಎಂದ. ಆಮೇಲೆ ಕ್ಯಾನಿನ ಸುತ್ತ ನನಗೇ ಜಾಗವಿರಲಿಲ್ಲ.

ಎರಡನೇ ಗ್ಲಾಸು ಮುಗಿಸಿ ಗುರಮ್ಮಕ್ಕ ಬಾಯಿ ಒರೆಸಿಕೊಂಡಳು. "ಆ ಉಂಡಿನೂ ನಮ್ಮ ಮನೀದಲ್ಲ ತಗೊ. ನಮ್ಮವ್ವ ಅಕಿ ತೌರಿಂದ ಕಲ್ತು ಬಂದಿದ್ಳು. ಹಲ್ಲಿಗಿ ಅಂಟ್ತದಂತ ನಮ್ಮಜ್ಜಿ, ಅಂದ್ರ ಅಕಿ ಅತ್ತಿ, ಮಾಡಗೊಡ್ತಿದ್ದಿಲ್ಲ. ಅಜ್ಜಿ ಸತ್ತ ವರ್ಷ ನನ್ನ ಬಾಣಂತನ ಬಂತು. ಆವಾಗ ಮಾಡಿದ್ಳು."

ಅತ್ತೆಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತನ್ನ ಅತ್ತೆ ತನಗೆ ಮಾಡಿದ್ದನ್ನೇ ನನಗೆ ಮಾಡಿದಳಲ್ಲ ಎಂದು. ಆದರೆ ಹೊಟ್ಟೆ ತುಂಬ ಅಂಬಲಿ ಕುಡಿದವರಿಗೆ ಸಿಟ್ಟು ಬಹಳ ಹೊತ್ತು ನಿಲ್ಲುವುದಿಲ್ಲ. ಯೋಚಿಸಿದೆ: ಮನೆತನದ ಅಡಿಗೆ ಎಂದು ನಾವು ಹೊಗಳುವುದೆಲ್ಲ ಯಾವಳೋ ಒಬ್ಬಳು ಹೊರಗಿನಿಂದ ತಂದು, ಹಟ ಹಿಡಿದು ನಿಲ್ಲಿಸಿದ್ದು. ಗಂಡಸರ ಹೆಸರಿನ ಮನೆಯಲ್ಲಿ ಅಡಿಗೆಗೆ ಮಾತ್ರ ತಾಯಂದಿರ ಊರು.

ಆಗ ಸೊಸೆಯ ಕಡೆ ನೋಡಿದೆ. ಅವಳು ವಾಡಿಯವಳು, ಅಪ್ಪ ಸಿಮೆಂಟ್ ಕಾರ್ಖಾನೆಯಲ್ಲಿದ್ದವರು. ನಮ್ಮ ಮನೆಗೆ ಬಂದು ಒಂಬತ್ತು ವರ್ಷ. ನಾನು ಒಂದು ಸಲವೂ ಕೇಳಿರಲಿಲ್ಲ.

"ರೇಣುಕಾ, ಬ್ಯಾಸಗಿಗಿ ನಿಮ್ಮವ್ವ ಏನು ಮಾಡ್ತಿದ್ಳು?"

"ಏನೂ ಮಾಡ್ತಿದ್ದಿಲ್ರಿ ಅತ್ತೀರಿ. ಕ್ವಾರ್ಟರ್ಸಿನ ಮನಿ, ಸಂಜಿಮುಂದ ಒಲಿ ಹಚ್ಚಿದ್ರ ಒಳಗ ಕೂಡ್ಲಿಕ್ಕೇ ಆಗ್ತಿದ್ದಿಲ್ಲ. ಗಾಡಿಯವನ ಹತ್ರ ಮಿರ್ಚಿ ಭಜಿ ತರಸ್ತಿದ್ಳು. ಎಲ್ಲರೂ ಹೊರಗ ಕುಂತು ತಿಂತಿದ್ದೆವ್ರಿ."

ಸುತ್ತಲಿನವರು ನಕ್ಕರು. ನಾನು ನಗಲಿಲ್ಲ.

"ಬರೋ ವರ್ಷ ಮಿರ್ಚಿ ತಗೊಂಡು ಬಾ. ಆ ಗಾಡಿಯವನ ಹೆಸರೂ ಕೇಳ್ಕೊಂಡು ಬಾ. ಮುಂದ ನಿನ್ನ ಸೊಸಿ ಕೇಳಿದ್ರ ಹೇಳಬೇಕಲ್ಲ" ಎಂದೆ.