ಅವ್ವನ ಕಣ್ಣು, ಬಾವನ ಫ್ಲ್ಯಾಶು

ನಮ್ಮ ನಡುಮನೆಯ ಗೋಡೆಯ ಮೇಲೆ ನನ್ನ ಅತ್ತೆ ವೆಂಕಟಮ್ಮನವರ ಫೋಟೋ ಇದೆ. ಮನೆಗೆ ಬಂದವರೆಲ್ಲ ಅದರ ಮುಂದೆ ಒಂದು ಗಳಿಗೆ ನಿಂತು, "ಕಣ್ಣಲ್ಲಿ ಎಂಥಾ ಕಳೆ ರೀ!" ಎನ್ನುತ್ತಿದ್ದರು. ನಾನು ಹೂಂ ಎಂದು ಕಾಫಿ ತರಲು ಒಳಗೆ ಹೋಗಿಬಿಡುತ್ತಿದ್ದೆ. ಆ ಕಣ್ಣು ಅತ್ತೆಯವಾಗಿರಲಿಲ್ಲ. ನನ್ನ ಗಂಡ ಕೆಂಪರಾಜ್ ಕುಂಚದಲ್ಲಿ ಬರೆದದ್ದು.

ಅವರು ನನಗೆ ಸೋದರಮಾವನ ಮಗ. ಮದುವೆಯಾಗಿ ಮೂವತ್ತು ವರ್ಷ ದಾಟಿದರೂ ನಾನು ಬಾವ ಎಂದೇ ಕರೆಯುವುದು. ಗರುಡಾಚಾರ್‌ಪಾಳ್ಯದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಸುತ್ತಲಿನ ಹಳ್ಳಿಗಳೆಲ್ಲ ಬಡಾವಣೆಗಳಾಗುವ ಮೊದಲಿನಿಂದಲೂ ಇಲ್ಲಿಯ ಮದುವೆ, ನಾಮಕರಣ, ಗೃಹಪ್ರವೇಶಗಳ ಫೋಟೋ ತೆಗೆದವರು ಬಾವ. ಅದಕ್ಕೂ ಮೊದಲು ಶಿವಾಜಿನಗರದಲ್ಲಿ ಶೌಕತ್ ಮಾಸ್ಟರ್ ಕೈಕೆಳಗೆ ಫೋಟೋ ತಿದ್ದುವ ಕೆಲಸ ಕಲಿತಿದ್ದರು. ಆಗೆಲ್ಲ ಎಷ್ಟೋ ಜನ ಬದುಕಿದ್ದಾಗ ಒಂದು ಫೋಟೋ ತೆಗೆಸಿಕೊಂಡಿರುತ್ತಿರಲಿಲ್ಲ. ಸತ್ತ ಮೇಲೆ ಹೆಣವನ್ನು ಗೋಡೆಗೆ ಒರಗಿಸಿ, ಹಾರ ಹಾಕಿ ತೆಗೆಯುತ್ತಿದ್ದರು. ಆ ಫೋಟೋದಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆಯುವುದು ಸ್ಟುಡಿಯೋದವರ ಪಾಲಿಗೆ. "ಕಣ್ಣಿಗೆ ಜಾನ್ ಬರೋದು, ಜೀವ ಬರೋದು, ಕೊನೇಗ್ ಇಡೋ ಬಿಳಿ ಚುಕ್ಕೀಲಿ, ಬೇಟಾ" ಎಂದು ಮಾಸ್ಟರ್ ಹೇಳಿಕೊಟ್ಟಿದ್ದರಂತೆ. ಬಾವ ಹೀಗೆ ನೂರಾರು ಜನರ ಕಣ್ಣು ತೆರೆಸಿದ್ದರು.

ಬಾವನಿಗೆ ಇಪ್ಪತ್ತನಾಲ್ಕು ತುಂಬಿದಾಗ ಅತ್ತೆ ಇದ್ದಕ್ಕಿದ್ದ ಹಾಗೆ ಹೋಗಿಬಿಟ್ಟರು. ಊರವರ ಫೋಟೋ ಎಲ್ಲ ತೆಗೆದ ಮಗ ತಾಯಿಯದನ್ನು ನಾಳೆ ತೆಗೆದರಾಯಿತು ಅಂದುಕೊಂಡೇ ಕಾಲ ಕಳೆದಿದ್ದ. ಕೊನೆಗೆ ಅವರನ್ನೂ ಗೋಡೆಗೆ ಒರಗಿಸಿ ತೆಗೆದು, ಮೂರು ದಿನ ಕೂತು ತಾಯಿಯ ಕಣ್ಣು ಬರೆದರು. ಕಟ್ಟು ಹಾಕಿ ತಂದಾಗ ನನ್ನ ಅವ್ವ ಪಟಾಲಮ್ಮ, ಎಂದರೆ ಬಾವನ ಸೋದರತ್ತೆ, ಬಹಳ ಹೊತ್ತು ನೋಡಿದಳಂತೆ.

"ಕಣ್ಣು ಚೆಂದಾಗವೆ ಕೆಂಪಾ. ಆದ್ರೆ ನಮ್ಮತ್ತಿಗೇವಲ್ಲ ಇವು" ಅಂದಳಂತೆ.

ಅತ್ತೆಗೆ ಎಡಗಣ್ಣು ಒಂಚೂರು ಮೆಳ್ಳೆ. ಮೂಗಿನ ಕಡೆಗೆ ವಾಲಿಕೊಂಡಿರುತ್ತಿತ್ತು. ಸತ್ತವರಿಗೆಲ್ಲ ನೆಟ್ಟನೆಯ, ಚೆಂದದ ಕಣ್ಣು ಕೊಟ್ಟು ಕೊಟ್ಟು ಅಭ್ಯಾಸವಾಗಿದ್ದ ಬಾವ ಹೆತ್ತ ತಾಯಿಗೂ ಹಾಗೆಯೇ ಬರೆದುಬಿಟ್ಟಿದ್ದರು. ಆವತ್ತಿನಿಂದ ಅವರು ಕುಂಚ ಮುಟ್ಟಿರಲಿಲ್ಲ. ಆ ಫೋಟೋದ ಕೆಳಗೆ ಕುರ್ಚಿ ಹಾಕಿಕೊಂಡು ಕೂತದ್ದನ್ನೂ ನಾನು ನೋಡಿರಲಿಲ್ಲ.

ಅವ್ವನಿಗೆ ಈಗ ಎಂಬತ್ತೆರಡು. ನಮ್ಮ ಜೊತೆಯಲ್ಲೇ ಇದ್ದಾಳೆ. ಈ ಸಲ ಯುಗಾದಿ ಕಳೆದು ಒಂದು ವಾರಕ್ಕೆ, ಬಾವ ಮುದ್ದೆ ಮುರಿಯುತ್ತಿದ್ದಾಗ ಅವ್ವ ಸಾರು ಬಡಿಸಿದಷ್ಟೇ ಸಲೀಸಾಗಿ ಹೇಳಿದಳು:

"ಕೆಂಪಾ, ನಾನು ಹೋದ್ಮ್ಯಾಕೆ ನಂಗೂ ಯಾರದೋ ಕಣ್ಣು ಬರೀಬ್ಯಾಡ ಕಣಪ್ಪ. ಮೊಮ್ಮಕ್ಕಳು ಯಾರೋ ಏನೋ ಅಂದ್ಕಂಡಾವು."

ಬಾವನ ಕೈ ತಟ್ಟೆಯಲ್ಲೇ ನಿಂತಿತು. "ಬಿಡ್ತು ಅನ್ನವ್ವ, ಊಟ ಮಾಡೋವಾಗ ಎಂಥಾ ಮಾತು!" ಎಂದು ನಾನು ರೇಗಿದೆ. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅವಳು ಕಣ್ಣು ಬಿಟ್ಟಿರುವ ಒಂದೇ ಒಂದು ಫೋಟೋ ನಮ್ಮಲ್ಲಿರಲಿಲ್ಲ. ಫ್ಲ್ಯಾಶ್ ಮಿಂಚಿದರೆ ಸಾಕು, ಕಣ್ಣು ಮುಚ್ಚುತ್ತಾಳೆ. ನನ್ನ ಮದುವೆಯ ಆಲ್ಬಮ್ಮಿನ ಉದ್ದಕ್ಕೂ ನಿಂತಲ್ಲೇ ನಿದ್ದೆ ಹೊಡೆದಿದ್ದಾಳೆ!

ಫ್ಲ್ಯಾಶ್ ಇಲ್ಲದೆ ತೆಗೆಯಬಾರದೆ ಎಂದು ನೀವು ಕೇಳಬಹುದು. ನನ್ನ ಮಗಳು ಗಗನಾನೂ ಕೇಳಿದಳು, ಮೊಬೈಲಿನಲ್ಲಿ ತೆಗೆದೂ ನೋಡಿದಳು. ಅವ್ವನ ತಲೆ ನಾಲ್ಕು ವರ್ಷದಿಂದ ಸದಾ ಅದುರುತ್ತದೆ, ಯಾರಿಗೋ ಬೇಡ ಬೇಡ ಅನ್ನುತ್ತಿರುವ ಹಾಗೆ. ಮೂರೂ ಕಡೆ ಪಿಜಿ ಕಟ್ಟಡಗಳೆದ್ದು ನಮ್ಮ ಮನೆಯೊಳಗೆ ಹಗಲಲ್ಲೂ ಮಬ್ಬು. ಆ ಮಬ್ಬಿನಲ್ಲಿ ತೆಗೆದರೆ ಮುಖವೆಲ್ಲ ಕಲಸಿಹೋಗುತ್ತದೆ. ಹೊರಗೆ ಬಿಸಿಲಲ್ಲಿ ಕೂರಿಸಿದರೆ ಪೊರೆ ತೆಗೆಸಿದ ಕಣ್ಣಲ್ಲಿ ನೀರು ಸುರಿದು ರೆಪ್ಪೆ ಕೂಡುತ್ತದೆ. ಅದುರುವ ಮುಖವನ್ನು ಹಿಡಿದು ನಿಲ್ಲಿಸಲು ಫ್ಲ್ಯಾಶೇ ಬೇಕು, ಫ್ಲ್ಯಾಶ್ ಹೊಡೆದರೆ ಅವಳ ಕಣ್ಣು ಇರುವುದಿಲ್ಲ.

ಮಾರನೆಯ ದಿನವೇ ಬಾವ ಮೆಟ್ರೋ ಹತ್ತಿ ಶಿವಾಜಿನಗರಕ್ಕೆ ಹೊರಟರು. ನಾನೂ ಜೊತೆಗೆ ಹೋದೆ. ಶೌಕತ್ ಮಾಸ್ಟರ್ ಮಗ ಅಸ್ಗರ್ ಅಲ್ಲಿ ಕ್ಯಾಮೆರಾ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಅವನು ಗಾಜಿನ ಮೇಜಿನ ಮೇಲೆ ಡಿಫ್ಯೂಸರುಗಳನ್ನು ಹರಡಿದ. ಡಿಫ್ಯೂಸರ್ ಅಂದರೆ ಇಷ್ಟೇ, ಕಣ್ಣಿಗೆ ರಾಚುವ ಫ್ಲ್ಯಾಶಿನ ಬೆಳಕನ್ನು ಮೆತ್ತಗೆ ಮಾಡುವ ಮುಸುಕು. ಒಂದು ಬಿಳಿ ಪ್ಲಾಸ್ಟಿಕ್ಕಿನ ಗುಮ್ಮಟ, ಒಂದು ಬಟ್ಟೆಯ ಪುಟ್ಟ ಪೆಟ್ಟಿಗೆ, ಒಂದು ಬರೀ ರಟ್ಟು.

"ಇದೇನ್ರೀ, ಮೊಸರಿನ ಡಬ್ಬಿ! ನಮ್ಮನೇಲಿ ನಾಲ್ಕಿವೆ" ಅಂದೆ, ಗುಮ್ಮಟ ಹಿಡಿದು.

"ಅರೆ ಭಾಬಿ, ಹಂಗನ್ಬೇಡಿ. ಇದು ಹಾಕಿ ಫ್ಲ್ಯಾಶ್‌ನ ಮೇಲ್ಗಡೆ ತಿರುಗ್ಸಿದ್ರೆ ಛತ್‌ಗೆ ಬಡ್ದು ಬೆಳಕು ಮಳೆ ಥರ ಇಳೀತದೆ. ಅಮ್ಮಂಗೆ ಗೊತ್ತೂ ಆಗಲ್ಲ" ಎಂದ ಅಸ್ಗರ್.

ಮೂವತ್ತು ವರ್ಷಕ್ಕೂ ಮೇಲೆ ಫ್ಲ್ಯಾಶ್ ಹೊಡೆದ ಮನುಷ್ಯ ಹೊಸದಾಗಿ ಕಲಿಯುವವನ ಹಾಗೆ ಒಂದೊಂದನ್ನೂ ಸಿಕ್ಕಿಸಿ, ನನ್ನ ಮುಖಕ್ಕೇ ಹತ್ತಾರು ಸಲ ಮಿಂಚಿಸಿ ನೋಡಿದರು. ಕಣ್ಣು ಚುಚ್ಚಿತಾ, ರೆಪ್ಪೆ ಎಳೀತಾ ಎಂದು ಪ್ರತಿ ಸಲವೂ ಕೇಳಿದರು. ನನಗೆ ತಲೆ ಧಿಂ ಅಂದಿತು. ಕೊನೆಗೆ ತೀರ್ಮಾನವಾಗದೆ ಗುಮ್ಮಟ, ಪೆಟ್ಟಿಗೆ ಎರಡನ್ನೂ ತಂದೆವು.

ಭಾನುವಾರ ಅವ್ವನಿಗೆ ತಲೆ ಬಾಚಿ, ಮಲ್ಲಿಗೆ ಮುಡಿಸಿ ನಡುಮನೆಯಲ್ಲಿ ಕೂರಿಸಿದೆ. ಬಾವ ಗುಮ್ಮಟ ಹಾಕಿ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿದರು. "ಅತ್ತೆ, ಕಣ್ಣು ಬಿಡಿ" ಎಂದು ಒತ್ತಿದರು. ಬೆಳಕೇನೋ ಮೆತ್ತಗೇ ಬಂತು, ಆದರೆ ಹಸಿರಾಗಿ ಬಂತು! ನಮ್ಮ ನಡುಮನೆಯ ಗೋಡೆ, ಚಾವಣಿ ಎಲ್ಲಕ್ಕೂ ಗಿಣಿಹಸಿರು ಬಣ್ಣ. ಗೃಹಪ್ರವೇಶಕ್ಕೆ ಅವ್ವನೇ ಹಟ ಹಿಡಿದು ಹೊಡೆಸಿದ್ದು. ಕ್ಯಾಮೆರಾದಲ್ಲಿ ಅವ್ವನ ಮುಖ ಪಾಲಕ್ ಸೊಪ್ಪಿನ ಸಾರಿನಲ್ಲಿ ಅದ್ದಿ ತೆಗೆದಂತಿತ್ತು, ಕಣ್ಣು ಎಂದಿನಂತೆ ಮುಚ್ಚಿತ್ತು. ಪೆಟ್ಟಿಗೆ ಹಾಕಿ ನೇರ ಹೊಡೆದರು. ಬಣ್ಣ ಸರಿಹೋಯಿತು, ಕಣ್ಣು ಮಾತ್ರ ಇಲ್ಲ. ಹತ್ತು ಸಲ, ಹದಿನೈದು ಸಲ. ಪ್ರತಿ ಸಲವೂ "ಅತ್ತೆ, ಕಣ್ಣು ಬಿಡಿ", ಪ್ರತಿ ಸಲವೂ ರೆಪ್ಪೆ ಟಪ್ಪನೆ ಕೂಡುವುದು.

"ಬುಡು ಕೆಂಪಾ, ನನ್ ಅಣೇಲಿ ಬರ್ದಿಲ್ಲ" ಎಂದಳು ಅವ್ವ. ಅವಳಿಗೂ ಅಳು ಬಂದಿತ್ತು.

ಬಾವ ಕ್ಯಾಮೆರಾ ಇಟ್ಟು ಅಡುಗೆಮನೆಗೆ ಬಂದು ನಿಂತರು. "ಅನಸೂಯಾ, ನಾಳೆ ನಿಮ್ಮವ್ವ ಹೋದ ದಿನ ನನ್ ಕೈಗೆ ಕುಂಚ ಕೊಟ್ಬಿಡ್ತಾರೆ ಎಲ್ರೂ. ನಾನು ಬರೀಲಾರೆ ಕಣೇ. ಅಮ್ಮನ ಕಣ್ಣೇ ನೆನಪಿರ್ಲಿಲ್ಲ ನಂಗೆ. ಅಮ್ಮನ ಕಣ್ಣೇ..." ಎಂದರು. ಇಷ್ಟು ವರ್ಷದಲ್ಲಿ ಅವರು ಆ ವಿಷಯ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ನನಗೆ ದುಃಖ ಬಂದರೆ ಅದು ಸಿಟ್ಟಾಗಿಯೇ ಹೊರಗೆ ಬರುವುದು, ಏನು ಮಾಡಲಿ!

"ಅಳ್ತಾ ನಿಂತ್ರೆ ಆಗುತ್ತಾ? ಆ ಅಸ್ಗರ್‌ಗೆ ಫೋನ್ ಹಾಕಿ!" ಎಂದು ಗದರಿದೆ.

ಅಸ್ಗರ್ ಹಸಿರು ಗೋಡೆಯ ಕಥೆ ಕೇಳಿ ನಕ್ಕು, "ಹಂಗಾದ್ರೆ ಯಾವ್ ಡಿಫ್ಯೂಸರೂ ಬೇಡ ಅಣ್ಣಾ. ಪಕ್ಕದಲ್ಲಿ ಒಂದು ಬಿಳೀ ಬಟ್ಟೆ ಅಗಲಕ್ಕೆ ಹಿಡ್ಕೊಂಡು ಫ್ಲ್ಯಾಶ್‌ನ ಅದಕ್ಕೇ ಹೊಡೀರಿ. ಅಮ್ಮನ ಕಡೆ ತೋರಿಸ್ಲೇಬೇಡಿ" ಎಂದ.

ಬಿಳಿ ಬಟ್ಟೆಗೆ ಬೀರು ಹುಡುಕಿದೆ. ನಮ್ಮ ಮನೆಯ ಹಾಸಿಗೆ ಹೊದಿಕೆಗಳೆಲ್ಲ ಹೂವು, ನವಿಲು, ಗೀಟು. ಕೊನೆಗೆ ಅವ್ವನ ಟ್ರಂಕು ತೆಗೆದೆ. ತಳದಲ್ಲಿ, ನುಸಿಗುಳಿಗೆಯ ನಡುವೆ ಅಪ್ಪನ ಪಂಚೆ ಇತ್ತು. ನಮ್ಮಪ್ಪ ಬೈಲಪ್ಪ ಹೋಗಿ ಹನ್ನೊಂದು ವರ್ಷ. ನನ್ನ ಧಾರೆಯ ದಿನ ಉಟ್ಟಿದ್ದ ಆ ಪಂಚೆಯನ್ನು ಅವ್ವ ಯಾರಿಗೂ ಮುಟ್ಟಗೊಡುವವಳಲ್ಲ. ಕೇಳಿದರೆ ಕೊಡುವುದಿಲ್ಲ ಎಂದು ಗೊತ್ತಿದ್ದೇ ನಾನು ಕೇಳಲಿಲ್ಲ.

"ಬಾವ, ಈ ಸಲ ಕಣ್ಣು ಬಿಡಿ ಗಿಣ್ಣು ಬಿಡಿ ಅನ್ನಕೂಡ್ದು. ಬಾಯಿ ಮುಚ್ಕೊಂಡು ತೆಗೀರಿ" ಎಂದು ತಾಕೀತು ಮಾಡಿ, ಅವ್ವನ ಎಡಪಕ್ಕಕ್ಕೆ ಹೋಗಿ ನಿಂತೆ. ಎರಡೂ ಕೈ ಚಾಚಿ ಪಂಚೆಯನ್ನು ಬಿಚ್ಚಿ ಹಿಡಿದೆ. ಬಾವ ಫ್ಲ್ಯಾಶಿನ ತಲೆಯನ್ನು ನನ್ನ ಕಡೆಗೆ ತಿರುಗಿಸಿದರು.

ನುಸಿಗುಳಿಗೆಯ ವಾಸನೆ ಬಡಿದಿರಬೇಕು. ಅವ್ವ ಮುಖ ತಿರುಗಿಸಿದಳು.

"ಏಯ್ ಅನಸೂಯಾ! ನಿಮ್ಮಪ್ಪಂದು ಕಣೇ ಅದು, ಯಾಕೆ ತೆಗ್ದೆ..."

ಬೈಗುಳ ಅಷ್ಟಕ್ಕೇ ನಿಂತಿತು. ಅವಳು ಪಂಚೆಯನ್ನು ನೋಡಿದಳು. ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಅಪ್ಪ ಈಗತಾನೇ ಅದನ್ನು ಉಟ್ಟು ಹೊರಗೆ ಬಂದಿದ್ದಾರೇನೋ ಎಂಬಂತೆ. ಆಗ ಫ್ಲ್ಯಾಶ್ ಮಿಂಚಿತು. ನನ್ನ ಕೈಯಲ್ಲಿ ಪಂಚೆ ಬೆಳ್ಳಗೆ ಬೆಳಗಿ ಆರಿತು. ಅವ್ವ ನೋಡುತ್ತಲೇ ಇದ್ದಳು.

ಬಾವ ಕ್ಯಾಮೆರಾದ ಪರದೆ ನೋಡಿ ನೆಲದ ಮೇಲೆ ಕೂತುಬಿಟ್ಟರು. ನಾನೂ ಬಗ್ಗಿ ನೋಡಿದೆ. ಅವ್ವನ ಎರಡು ಕಣ್ಣೂ ತೆರೆದಿದ್ದವು. ಸುಕ್ಕು, ನೀರು, ಬೈಯಲು ಹೊರಟು ನಿಂತ ಬಾಯಿ, ಎಲ್ಲ ಹಾಗೇ ಇತ್ತು. ಬಾವ ಕಣ್ಣಿನ ಭಾಗವನ್ನು ದೊಡ್ಡದು ಮಾಡಿ ತೋರಿಸಿದರು. ಎರಡೂ ಕರಿಗುಡ್ಡೆಯಲ್ಲಿ ಒಂದೊಂದು ಬಿಳಿ ಚುಕ್ಕಿ. ಅದು ಪಂಚೆಯ ಬೆಳಕು. ಶೌಕತ್ ಮಾಸ್ಟರ್ ಕುಂಚದಲ್ಲಿ ಇಡುತ್ತಿದ್ದ ಚುಕ್ಕಿಯನ್ನು ಅವ್ವನ ಕಣ್ಣಿಗೆ ನಮ್ಮಪ್ಪ ಇಟ್ಟುಹೋಗಿದ್ದರು. ನಾನು ಪಂಚೆಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಅವ್ವನಿಗೆ ಭೂತಗನ್ನಡಿ ಹಿಡಿದು ತೋರಿಸಿದೆವು. ಬಹಳ ಹೊತ್ತು ನೋಡಿದಳು. "ನನ್ ಕಣ್ಣೇ ಕಣ್ರೋ" ಅಂದಳು. ಆಮೇಲೆ ಪಂಚೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡು, ಗೋಡೆಯ ಕಡೆ ಕೈ ತೋರಿಸಿದಳು.

"ಕೆಂಪಾ, ಅದ್ನ ಇಳ್ಸು. ನಂಗೆ ನೆನಪೈತೆ. ನಾನು ಹೇಳ್ತೀನಿ, ನೀನು ಬರಿ."

ಬಾವ ನನ್ನ ಮುಖ ನೋಡಿದರು. ನಾನು ಸ್ಟುಡಿಯೋಗೆ ಹೋಗಿ ಹಳೆಯ ಕುಂಚದ ಡಬ್ಬಿ ತಂದುಕೊಟ್ಟೆ. ಕಟ್ಟು ಬಿಚ್ಚಿ, ಫೋಟೋವನ್ನು ಮಣೆಯ ಮೇಲಿಟ್ಟು ಬಾವ ಕೂತರು. ಪಕ್ಕದಲ್ಲಿ ಅವ್ವ, ಅದುರುವ ತಲೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಹೇಳಿದಳು.

"ಎಡಗಣ್ಣು. ಇನ್ನೊಂಚೂರು ಮೂಗಿನ ಕಡೀಕೆ. ಇನ್ನೊಂಚೂರು. ಆಂ, ಸಾಕು."

ಬಾವ ಕೊನೆಯ ಬಿಳಿ ಚುಕ್ಕಿ ಇಟ್ಟು ಕುಂಚ ಎತ್ತಿದರು.

"ಹೂಂ. ಈಗ ಬಂದ್ಲು ನೋಡು ನಮ್ಮತ್ತಿಗೆ" ಎಂದಳು ಅವ್ವ.